ಇಟಲಿಯ ಗಂಜಿ, ಅತ್ತೆಯ ದನಿ

ನಮ್ಮ ಮಾಮಾ ಒಬ್ಬನೇ ಇಬ್ಬರು. ಆ ಇಬ್ಬರಲ್ಲಿ ಒಬ್ಬಳು ಹೆಂಗಸು! ನಗಬೇಡಿ, ಮೊದಲು ಪೂರ್ತಿ ಕೇಳಿ. ಬನಹಟ್ಟಿಯಲ್ಲಿ ಅವನ ಓಣಿಯವರನ್ನು ವಿಚಾರಿಸಿದರೆ ಇಬ್ಬರಲ್ಲ, ಮೂವರು ಎನ್ನುತ್ತಾರೆ. ಆ ಮೂರನೆಯವರು ಯಾರು ಎಂದು ಕೇಳಿದರೆ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ನಾನು ಜಮಖಂಡಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುವವಳು. ಸೋಮವಾರದಿಂದ ಶನಿವಾರದ ತನಕ ದೆವ್ವ ಭೂತ ಯಾವುದನ್ನೂ ನಂಬುವುದಿಲ್ಲ. ಭಾನುವಾರದ ಮಾತು ಬೇರೆ, ಯಾಕೆಂದರೆ ಭಾನುವಾರ ನಾನು ಮಾಮಾನ ಮನೆಗೆ ಹೋಗುತ್ತೇನೆ.

ಈ ಕಥೆಯ ಮೊದಲ ಭಾನುವಾರ ಬಸ್ಸಿಳಿದು ಓಣಿ ಹೊಕ್ಕಾಗ ಮಟಮಟ ಮಧ್ಯಾಹ್ನ. ಬನಹಟ್ಟಿಯ ಓಣಿಗಳಲ್ಲಿ ಮನೆಗಿಂತ ಮಗ್ಗ ಹೆಚ್ಚು. ಹಗಲೆಲ್ಲ ಪವರ್‌ಲೂಮಿನ ಖಟಖಟ. ಅಲ್ಲಿ ಇಬ್ಬರು ಗುಟ್ಟು ಮಾತಾಡಬೇಕೆಂದರೂ ಕೂಗಿಯೇ ಮಾತಾಡಬೇಕು. ಅವತ್ತು ನಾನು ಮಾಮಾನ ಬಾಗಿಲಿಗೆ ಬಂದು ಒಂದು ಚಪ್ಪಲಿ ಬಿಟ್ಟೆ ನೋಡಿ, ಕರೆಂಟು ಹೋಯಿತು. ಇಡೀ ಓಣಿಯ ಮಗ್ಗಗಳು ಒಮ್ಮೆಲೇ ನಿಂತವು. ಕಿವಿಯೊಳಗೆ ಗುಂಯ್ ಎನ್ನುವ ಆ ಮೌನದಲ್ಲಿ, ಒಳಗಿನಿಂದ ನಮ್ಮ ಅತ್ತೆಯ ದನಿ ಬಂತು.

"ಏನ್ರೀ, ಇದಕ್ಕ ಗಂಜಿ ಅಂತೀರೇನು? ಇದರಾಗ ನಿಮ್ಮ ಮಾರಿ ಕಾಣತೈತಲ್ರೀ, ಕನ್ನಡ್ಯಾಗ ಕಂಡಂಗ! ನಿಮ್ಮ ಕೈಗೇನು ಬ್ಯಾನಿ ಬಂದೇತಿ?"

ಹೆಂಡತಿ ಗಂಡನನ್ನು ಬೈದರೆ ಅದರಲ್ಲೇನು ವಿಶೇಷ ಅಂತೀರಾ? ನಮ್ಮ ಅತ್ತೆ ಬೈಗುಳಕ್ಕೆ ಊರಿಗೇ ಹೆಸರಾದವಳು, ಸಿಟ್ಟು ನೆತ್ತಿಗೇರಿದರೂ 'ರೀ' ಬಿಡದೆ ಬೈಯುವವಳು. ಅದೆಲ್ಲ ಸರಿ. ಆದರೆ ಅತ್ತೆಗೆ ಲಕ್ವಾ ಹೊಡೆದು ಮೂರು ತಿಂಗಳಾಗಿತ್ತು. ಮೂರು ತಿಂಗಳಿಂದ ಅವಳ ಬಾಯಿಂದ ಒಂದಕ್ಷರ ಹೊರಟಿರಲಿಲ್ಲ!

ಬಿಸಿಲಲ್ಲಿ ನಿಂತಿದ್ದರೂ ನನ್ನ ಮೈಮೇಲಿನ ಕೂದಲು ನಿಂತವು. ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿಗಾಲು, ಹಾಗೇ ಕುಂಟುತ್ತ ಅಡುಗೆಮನೆಗೆ ಇಣುಕಿದೆ. ಮಾಮಾ ಒಬ್ಬನೇ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಪಾತೇಲಿಯಲ್ಲಿ ಏನೋ ತಿರುವುತ್ತಿದ್ದ. "ತೆಳು ಆತಂತೀ?" ಎಂದು ತನ್ನ ದನಿಯಲ್ಲಿ ಕೇಳಿದ. "ಆಗಲಾರದ ಏನ್ ಮಾಡೀತು!" ಎಂದು ಅತ್ತೆಯ ದನಿಯಲ್ಲಿ ತಾನೇ ಉತ್ತರ ಕೊಟ್ಟ. ಆಮೇಲೆ ನನ್ನ ಕಡೆ ತಿರುಗಿದ. ಅವನ ಬಿಳಿ ಗಿರಿಜಾ ಮೀಸೆಯ ಅಡಿಯಿಂದ ಅತ್ತೆಯೇ ಕರೆದಳು: "ಯಾಕ ಬೇ, ಬಾಗಲಾಗ ನಿಂತಿ? ಒಳಗ ಬಾ."

ನಾನು ಒಳಗೆ ಹೋಗುವ ಬದಲು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟೆ.

ಮಾಮಾನ ವಿಚಾರ ಸ್ವಲ್ಪ ಹೇಳಬೇಕು. ಸೀರೆಯ ಉದ್ದಕ್ಕೆ ಓಡುವ ಎಳೆಗಳಿಗೆ ಹಾಸು ಎನ್ನುತ್ತಾರೆ. ಕೈಮಗ್ಗದ ಕಾಲದಲ್ಲಿ ಆ ಹಾಸನ್ನು ಓಣಿಯುದ್ದಕ್ಕೂ ಚಾಚಿ ಕಟ್ಟಿ, ಹಿಟ್ಟು ಕುದಿಸಿದ ಗಂಜಿ ಉಣಿಸಿ, ಕುಂಚದಿಂದ ತಿಕ್ಕಿ ಒಣಗಿಸುತ್ತಿದ್ದರು. ಗಂಜಿ ತೆಳುವಾದರೆ ಎಳೆ ಹರಿಯುತ್ತದೆ, ದಪ್ಪವಾದರೆ ಒಂದಕ್ಕೊಂದು ಅಂಟುತ್ತದೆ. ಮಾಮಾ ನಲವತ್ತು ವರ್ಷ ಮಾಡಿದ್ದು ಇದೊಂದೇ ಕೆಲಸ. ಯಂತ್ರ ಬಂದು ಕೆಲಸ ಹೋಯಿತು, ಚಾಳಿ ಹೋಗಲಿಲ್ಲ. ದ್ರವರೂಪದ್ದು ಏನೇ ಕಂಡರೂ ಬೆರಳದ್ದಿ, ಹೆಬ್ಬೆರಳಿಗೆ ಒತ್ತಿ, ಬಿಚ್ಚಿ, ಎಳೆ ಎಷ್ಟುದ್ದ ಬರುತ್ತದೆ ಎಂದು ನೋಡುತ್ತಾನೆ. ನನ್ನ ಮದುವೆಯಲ್ಲಿ ಬೀಗರು ಬಡಿಸಿದ ಪಾಯಸದಲ್ಲಿ ಬೆರಳದ್ದಿ, ಇನ್ನೂರು ಜನರ ಪಂಕ್ತಿಗೆ ಕೇಳಿಸುವ ಹಾಗೆ ತೀರ್ಪು ಕೊಟ್ಟಿದ್ದ: "ಇದರಾಗ ನಲವತ್ತು ನಂಬರಿನ ನೂಲು ನಿಂದರೂದಿಲ್ಲ!" ನನ್ನ ಗಂಡನ ಮನೆಯವರು ಅದನ್ನು ಇವತ್ತಿಗೂ ಮರೆತಿಲ್ಲ.

ಇಂಥ ಮನುಷ್ಯನ ಹೆಂಡತಿ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತ ಬಡಿಯುತ್ತ ಒಂದು ಕಡೆಗೆ ವಾಲಿದಳು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಗಂಟಲೂ ಸೋತಿತು. ನೀರು ಕುಡಿದರೆ ಅದು ಹೊಟ್ಟೆಗೆ ಹೋಗದೆ ಶ್ವಾಸಕ್ಕೆ ಹೋಗುತ್ತಿತ್ತು. ಆಸ್ಪತ್ರೆಯಲ್ಲಿ ಮೂಗಿನಿಂದ ನಳಿಗೆ ಇಳಿಸಿ ಅದರಲ್ಲೇ ಹಾಲು ಹಾಕಿದರು. ಅತ್ತೆ ಎಡಗೈಯಿಂದ ಅದನ್ನು ಕಿತ್ತೊಗೆದಳು. ಮತ್ತೆ ಹಾಕಿದರು, ಮತ್ತೆ ಕಿತ್ತಳು. ಮೂರನೆಯ ಸಲ ಹಾಕಿ, ಅವಳ ಎಡಗೈಯನ್ನು ಬ್ಯಾಂಡೇಜು ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದರು. ಅವರದ್ದೂ ತಪ್ಪಿಲ್ಲ, ಇನ್ನೇನು ಮಾಡಿಯಾರು? ಮಾಮಾ ಅರ್ಧ ದಿನ ಆ ಗಂಟನ್ನೇ ನೋಡುತ್ತ ಕುಳಿತ. ಆಮೇಲೆ ಎದ್ದು ಬಿಚ್ಚಿದ.

"ಈಕಿ ಹುಟ್ಟಿದಾಗಿಂದ ಯಾರ ಮಾತೂ ಕೇಳಿದಾಕಿ ಅಲ್ಲ," ಎಂದ ಡಾಕ್ಟರಿಗೆ. "ಈಗ ಕೈ ಕಟ್ಟಿ ಉಣಸೂದು ನನ್ನ ಕಡಿಂದ ಆಗೂದಿಲ್ರೀ. ಬಾಯಿಲೇ ಉಣಸತೀನಿ."

ಡಾಕ್ಟರು ಒಳ್ಳೆಯವರು, ಎರಡು ತಿಂಗಳು ಅವಕಾಶ ಕೊಟ್ಟರು. "ನೀರು, ಚಹಾ ಮುಟ್ಟಸಬ್ಯಾಡ್ರಿ. ದಪ್ಪ ಇರಬೇಕು, ಚಮಚದಿಂದ ಜಾರಬೇಕು, ಆದ್ರ ಹರೀಬಾರದು. ಎರಡು ತಿಂಗಳ ಮ್ಯಾಲ ನನ್ನ ಮುಂದ ನುಂಗಿ ತೋರಿಸಲಿ. ಇಲ್ಲಂದ್ರ ಮತ್ತ ನಳಿಗಿ ಹಾಕೂದ, ಕೈ ಕಟ್ಟೂದ. ಆಮ್ಯಾಲ ನನ್ನ ಬೈಬ್ಯಾಡ್ರಿ."

"ಗಂಜಿ ವಿಚಾರ ನನಗ ಹೇಳಾಕ ಬಂದಾನ!" ಎಂದು ಮಾಮಾ ಹೊರಗೆ ಬಂದು ಮೀಸೆ ತಿರುವಿದನಂತೆ.

ಆದರೆ ಎಡವಟ್ಟು ಆದದ್ದೇ ಅಲ್ಲಿ. ಮಾಮಾ ಜೋಳದ ಅಂಬಲಿ ಮಾಡಿದ, ಅಕ್ಕಿ ಗಂಜಿ ಮಾಡಿದ, ಸಾಬೂದಾಣಿ ಕುದಿಸಿದ. ಒಂದಕ್ಕಿಂತ ಒಂದು ಹದ! ಅತ್ತೆ ತುಟಿ ಬಿಚ್ಚಲಿಲ್ಲ. ಬಿಚ್ಚುವುದಾದರೂ ಹೇಗೆ? ನಲವತ್ತು ವರ್ಷ ಗಂಡನ ಗಂಜಿಯ ಹಂಡೆ ತಿಕ್ಕಿದವಳು ಅವಳು. ಮನೆ, ಹಾಸಿಗೆ, ಗಂಡ ಎಲ್ಲವೂ ಹುಳಿಗಂಜಿ ನಾರುತ್ತವೆ ಎಂದು ದಿನಕ್ಕೊಮ್ಮೆ ಗೊಣಗಿದವಳು. ಹಿಟ್ಟು ಕುದಿದ ವಾಸನೆ ಬಂದರೆ ಸಾಕು, ಮುಖ ಗೋಡೆಯ ಕಡೆ ತಿರುಗುತ್ತಿತ್ತು. ದಿನಕ್ಕೆ ನಾಲ್ಕಾರು ಚಮಚ ಮೊಸರು, ಕಿವುಚಿದ ಬಾಳೆಹಣ್ಣು, ಇಷ್ಟರ ಮೇಲೆ ಜೀವ ನಿಂತಿತ್ತು. ಬಳೆಗಳು ಮೊಣಕೈ ತನಕ ಸರಿಯುವಷ್ಟು ಇಳಿದುಹೋಗಿದ್ದಳು.

ಅವತ್ತು ಹೊಸ್ತಿಲ ಮೇಲೆ ಕುಳಿತ ನನ್ನನ್ನು ಸಮಾಧಾನ ಮಾಡಲು ಮಾಮಾ ಆ ದನಿಯ ಗುಟ್ಟು ಹೇಳಿದ. ಒಂದು ದಿನ ಬೇಜಾರಾಗಿ ಅತ್ತೆಯ ಹಾಗೆಯೇ ತನ್ನನ್ನು ತಾನು ಬೈದುಕೊಂಡನಂತೆ. ಅದನ್ನು ಕೇಳಿ ಅತ್ತೆಯ ಬಾಯಿ ತುಸು ಬಿಚ್ಚಿತಂತೆ. ಆ ಸಂದಿಯಲ್ಲಿ ಒಂದು ಚಮಚ ಮೊಸರು ನುಗ್ಗಿಸಿದನಂತೆ! ಅಂದಿನಿಂದ ಮನೆಯಲ್ಲಿ ದಿನವಿಡೀ ಸಂಸಾರದ ಜಗಳ, ಜಗಳವಾಡುವವನು ಮಾತ್ರ ಒಬ್ಬನೇ.

"ಬೈಗಳಕ್ಕ ಬಾಯಿ ತೆಗಿತಾಳ ಬೇ. ಆದ್ರ ಗಂಜಿ ಕಂಡ್ರ ಮುಚ್ಚತಾಳ. ವಾಸನಿ ಇಲ್ಲದ ಗಂಜಿ ಎಲ್ಲೆ ಸಿಗತೈತಿ, ನೀನ ಹೇಳು."

ನಾನು ಮೊಬೈಲು ತೆಗೆದು ಸುಮ್ಮನೆ ವಿಡಿಯೊಗಳನ್ನು ಸರಿಸುತ್ತ ಕುಳಿತೆ. ಯಾವುದೋ ದೇಶದ ಹೆಂಗಸೊಬ್ಬಳು ಸಣ್ಣ ಬಟ್ಟಲಿಗೆ ಬಿಸಿ ಚಾಕಲೇಟು ಸುರಿಯುತ್ತಿದ್ದಳು. ಕಪ್ಪಗೆ, ಮಿರಿಮಿರಿ, ಮಡಿಕೆ ಮಡಿಕೆಯಾಗಿ ಅದು ಬೀಳುತ್ತಿತ್ತು. ನಾನು ಬೆರಳಿಂದ ಅದನ್ನು ಸರಿಸಿಬಿಡುವವಳಿದ್ದೆ. ಮಾಮಾ ನನ್ನ ಕೈ ಹಿಡಿದ.

"ತಡಿ! ಇದ್ಯಾವ ಗಂಜಿ?"

"ಗಂಜಿ ಅಲ್ಲ ಮಾಮಾ. ಇಟಲಿ ಮಂದಿ ಕುಡಿಯೋ ಚಾಕಲೇಟು."

"ಕುಡಿಯೂದಾ! ಇದಾ!" ಹನ್ನೊಂದು ಸಲ ನೋಡಿದ. ಕೊನೆಗೆ ಉಸಿರುಬಿಟ್ಟು ಹೇಳಿದ: "ಈ ಹೆಣ್ಣಮಗಳ ಅಪ್ಪ ಗಂಜಿ ಹಾಕಾಂವ ಇರಬೇಕು. ಆಕಿ ಕೈ ನೋಡು, ಕೈ!"

ಮುಂದಿನ ಭಾನುವಾರ ನಾನು ಜಮಖಂಡಿಯ ಬೇಕರಿಯಿಂದ ಕಹಿ ಚಾಕಲೇಟಿನ ಗಟ್ಟಿ, ಕೋಕೋ ಪುಡಿ, ಕಾರ್ನ್‌ಫ್ಲೋರು ಹಿಡಿದುಕೊಂಡು ಹೋದೆ. ಮಾಡುವ ಕ್ರಮವನ್ನು ದುಂಡಗೆ ಬರೆದುಕೊಟ್ಟೆ. ಕಾರ್ನ್‌ಫ್ಲೋರನ್ನು ತಣ್ಣಗಿನ ಹಾಲಲ್ಲಿ ಗಂಟಿಲ್ಲದ ಹಾಗೆ ಕದಡಬೇಕು. ಉಳಿದ ಹಾಲನ್ನು ಸಣ್ಣ ಉರಿಯಲ್ಲಿಟ್ಟು, ಕೋಕೋ, ಸಕ್ಕರೆ ಹಾಕಿ, ಚಾಕಲೇಟು ಮುರಿದು ಕರಗಿಸಿ, ಆಮೇಲೆ ಕದಡಿದ್ದನ್ನು ಸುರಿದು ಕೈಬಿಡದೆ ತಿರುವಬೇಕು. ಅಷ್ಟೇ. ಮಾಮಾ ಕನ್ನಡಕ ಹಾಕಿಕೊಂಡು ಓದಿದ. ಮತ್ತೊಮ್ಮೆ ಓದಿ, "ಎಣ್ಣಿ ಬಿಟ್ಟಾರ" ಎಂದ.

"ಯಾವ ಎಣ್ಣಿ?"

"ಗಂಜಿಗೆ ಒಂದು ಸೌಟು ಎಣ್ಣಿ ಬೀಳಲಿಲ್ಲಂದ್ರ ಎಳಿ ಅಂಟತಾವ. ಇಟಲಿಯವರು ಮರತಾರ."

ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಶೇಂಗಾ ಎಣ್ಣೆ ಪಾತೇಲಿ ಸೇರಿತ್ತು! ಅಷ್ಟಕ್ಕೆ ಮುಗಿಯಿತೇ? ಗೂಟಕ್ಕೆ ತೂಗುತ್ತಿದ್ದ ಹಳೆಯ ನೂಲಿನ ಲಡಿಯಿಂದ ಒಂದು ಎಳೆ ಕಿತ್ತು ಚಾಕಲೇಟಿನಲ್ಲಿ ಮುಳುಗಿಸಿ, ಅಂಗಳದ ಹಗ್ಗಕ್ಕೆ ನೇತುಹಾಕಿದ. ಒಣಗಿದ ಮೇಲೆ ಕಿವಿಯ ಹತ್ತಿರ ಹಿಡಿದು ಬೆರಳಿಂದ ಮೀಟಿದರೆ ಗಂಜಿಯ ಹದ ಗೊತ್ತಾಗುತ್ತದಂತೆ.

"ಮಾಮಾ, ಇದು ಕುಡಿಯೋದು! ನೇಯೋದಲ್ಲ!"

"ಎಳಿ ಮ್ಯಾಲ ನಿಂದರಲಾರದ್ದು ಚಮಚದಾಗ ನಿಂತೀತೇನು?" ಎಂದ. ಗಣಿತದವಳು ನಾನೇ ಎಳೆಯ ತುದಿಗೆ ಗಂಟು ಹಾಕಿಕೊಟ್ಟೆ.

ಅದರ ಮುಂದಿನ ವಾರ ನಾನು ಹೋದಾಗ ಅಂಗಳದ ಚಿತ್ರ ಹೀಗಿತ್ತು. ಬಾಗಿಲ ಚೌಕಟ್ಟಿನಿಂದ ಬೇವಿನ ಮರದ ತನಕ ಒಣಗಿದ ರಕ್ತದ ಬಣ್ಣದ ಎಳೆಗಳು, ನೂರಾರು. ಗಾಳಿ ಇರಲಿಲ್ಲ. ಆದರೂ ಎಳೆಗಳು ಅಲುಗುತ್ತಿದ್ದವು! ಹತ್ತಿರ ಹೋಗಿ ನೋಡಿದೆ. ಒಂದೊಂದು ಎಳೆಯ ಮೇಲೂ ಇರುವೆಗಳು ಸಾಲುಗಟ್ಟಿ ಹತ್ತುತ್ತಿದ್ದವು, ಇಳಿಯುತ್ತಿದ್ದವು. ನಡುವೆ ಮಾಮಾ ಕಣ್ಣು ಮುಚ್ಚಿ, ಒಂದು ಎಳೆಯನ್ನು ಕಿವಿಗೆ ಹಿಡಿದು, ಅತ್ತೆಯ ದನಿಯಲ್ಲಿ ನಿಧಾನವಾಗಿ ಹೇಳುತ್ತಿದ್ದ: "ಇನ್ನೂ ತೆಳುವೈತಿ... ಇನ್ನೂ ತೆಳುವೈತಿ..."

ಇದನ್ನೇ ಹಾಲು ಮಾರುವ ಹೆಂಗಸು ನೋಡಿದ್ದಳು. ಕರೆಂಟು ಹೋದ ಹೊತ್ತಿನಲ್ಲಿ ನೋಡಿದ್ದಳು, ಪಾಪ! ಅಂದಿನಿಂದ ಹಾಲು ಮಾಮಾನ ಮನೆಗೆ ಬರುವುದು ನಿಂತಿತು, ಓಣಿಯ ತುದಿಯ ಲೈಟುಕಂಬಕ್ಕೆ ಬರತೊಡಗಿತು. ಕ್ಯಾನನ್ನು ಕಂಬಕ್ಕೆ ನೇತುಹಾಕಿ ಹಿಂತಿರುಗಿ ನೋಡದೆ ಹೋಗುತ್ತಿದ್ದಳಂತೆ. ಎದುರು ಮನೆಯವರು ಮುಧೋಳದ ಜಾತಿನಾಯಿ ಸಾಕಿದ್ದರು. ಮೊಲ ಕಂಡರೆ ಗಾಳಿಯಾಗುವ ನಾಯಿ ಅದು, ಲಾರಿಗೂ ಹೆದರದು. ಅತ್ತೆಯ ದನಿ ಕೇಳಿದರೆ ಅದು ಬಾಲ ಕಾಲ ಸಂದಿಗೆ ಸೇರಿಸಿ, ಮಾಮಾನ ಬಾಗಿಲ ಕಡೆ ಮೂತಿ ಎತ್ತಿ ಊಳಿಡುತ್ತಿತ್ತು. ಓಣಿಯವರು ತೀರ್ಮಾನಕ್ಕೆ ಬಂದರು: ಮುದುಕ ಹೆಂಡತಿಯ ದನಿಯನ್ನು ಮಾಟ ಮಾಡಿ ಕಿತ್ತು ತಾನು ಇಟ್ಟುಕೊಂಡಿದ್ದಾನೆ. ಕಪ್ಪು ಮದ್ದು ಕುದಿಸುತ್ತಾನೆ. ಅವಳನ್ನು ದಾರದಲ್ಲಿ ಕಟ್ಟಿ ಒಣಹಾಕುತ್ತಾನೆ.

ಅವರೇ ಕೂಡಿ ಹುನ್ನೂರಿನ ಕಡೆಯಿಂದ ದೆವ್ವ ಬಿಡಿಸುವ ಒಬ್ಬ ಮನುಷ್ಯನನ್ನು ಕರೆತಂದರು. ಹಣೆ ತುಂಬ ಭಸ್ಮ, ಕೈಯಲ್ಲಿ ಬೇವಿನ ಕಟ್ಟು, ಕಣ್ಣು ಕೆಂಡ. ಬಂದವನೇ ಅಂಗಳದಲ್ಲಿ ನಿಂತು ಗುಡುಗಿದ: "ಯಾರ ಅದೀ ನೀ? ಹೇಳು! ಈ ಮನ್ಯಾಗ ಯಾಕ ಬಂದಿ?"

ಒಳಗಿನಿಂದ ಅತ್ತೆಯ ದನಿ ತಣ್ಣಗೆ ಬಂತು: "ಮದಿವಿ ಆಗಿ ಬಂದೇನಿ. ನೀ ಯಾಕ ಬಂದಿ?"

ಬೇವಿನ ಕಟ್ಟು ಕೈಯಿಂದ ಜಾರಿತು! ಮಾಮಾ ಹೊರಗೆ ಬಂದು, ಅವನನ್ನು ಕೂಡಿಸಿ, ಒಂದು ಬಟ್ಟಲು ಚಾಕಲೇಟು ಕೊಟ್ಟ. ಅಷ್ಟರಲ್ಲಿ ಶೇಂಗಾ ಎಣ್ಣೆ ನನ್ನ ಕಾಟಕ್ಕೆ ಹೋಗಿತ್ತು, ಒಂದು ಚಿಟಿಕೆ ಉಪ್ಪು ಬಂದಿತ್ತು. ಅವನು ಅಂಜುತ್ತ ತುಸು ನೆಕ್ಕಿದ. ಎರಡನೆಯ ಬಟ್ಟಲು ತಾನಾಗಿ ಕೇಳಿದ. ಮೀಸೆ ಒರೆಸಿಕೊಂಡು ಹೊರಗೆ ನೆರೆದವರಿಗೆ ಸಾರಿದ: "ದೆವ್ವ ಐತಿ, ಖರೆ. ಆದ್ರ ಛಲೋ ದೆವ್ವ. ಬಿಡಸಬ್ಯಾಡ್ರಿ, ಇರಲಿ."

ಇಷ್ಟು ಹೊತ್ತು ನಗಿಸಿದೆ. ಈಗ ನನಗೆ ಖರೇನೇ ಹೆದರಿಕೆಯಾದ ಒಂದು ಗಳಿಗೆಯನ್ನು ಹೇಳುತ್ತೇನೆ, ಒಬ್ಬರೇ ಇದ್ದಾಗ ಓದಬೇಡಿ. ಒಂದು ಮಧ್ಯಾಹ್ನ ನಾನು ಅತ್ತೆಯ ಮಂಚದ ಹತ್ತಿರ ಕುಳಿತು ಅವಳ ತಲೆ ಬಾಚುತ್ತಿದ್ದೆ. ಮಾಮಾ ಅಡುಗೆಮನೆಯಲ್ಲಿ ತನ್ನ ಜಗಳ ಶುರುಮಾಡಿದ್ದ. "ಉರಿ ಸಣ್ಣ ಮಾಡ್ರೀ, ತಳ ಹತ್ತತೈತಿ" ಎಂದು ಅತ್ತೆಯ ದನಿ ಗೋಡೆಯ ಆಚೆಯಿಂದ ಬಂತು. ನಾನು ಎದುರು ಗೋಡೆಯ ಕನ್ನಡಿಯಲ್ಲಿ ನೋಡಿದೆ. ಅತ್ತೆಯ ತುಟಿಗಳು ಅಲುಗುತ್ತಿದ್ದವು. ಸುಮ್ಮನೆ ನಡುಗುತ್ತಿದ್ದವೇ? ಅಲ್ಲ. ದನಿಯ ಜೊತೆಗೇ, ಮಾತು ಮಾತಿಗೂ ಅಲುಗುತ್ತಿದ್ದವು. ಉರಿ. ಸಣ್ಣ. ಮಾಡ್ರೀ. ದನಿ ಆ ಕೋಣೆಯಲ್ಲಿ, ತುಟಿ ಈ ಕೋಣೆಯಲ್ಲಿ! ಬಾಚಣಿಗೆ ಅವಳ ಕೂದಲಲ್ಲೇ ಬಿಟ್ಟು ನಾನು ಅಡುಗೆಮನೆಗೆ ಓಡಿದೆ.

"ಮಾಮಾ! ಅತ್ತಿ ತುಟಿ... ನೀ ಅಂದದ್ದನ್ನ ಆಕಿ..."

ಅವನು ತಿರುವುವುದನ್ನು ನಿಲ್ಲಿಸಲಿಲ್ಲ. "ಮತ್ತ? ಮಾತು ಆಕಿವ ಅಲ್ಲೇನು? ನಾ ಬರೇ ದನಿ ಕೊಡತೀನಿ," ಎಂದ.

ಆ ದಿನದ ಚಾಕಲೇಟನ್ನು ಅತ್ತೆ ಮೂಸಿ ನೋಡಿದಳು, ಮುಖ ಗೋಡೆಗೆ ತಿರುಗಿಸಲಿಲ್ಲ. ಮಾಮಾ ಅವಳ ದನಿಯಲ್ಲಿ ತನ್ನನ್ನು ನಾಲ್ಕು ಬೈದ. ಬಾಯಿ ತೆರೆಯಿತು. ಒಂದು ಚಮಚ ಹೋಯಿತು. ಎರಡನೆಯದು ತುಸು ತೆಳುವಾಗಿತ್ತೋ ಏನೋ, ಹಾದಿ ತಪ್ಪಿತು. ಅತ್ತೆ ಕೆಮ್ಮಿದಳು, ಮುಖ ಕೆಂಪಾಗಿ ನೀಲಿಗೆ ತಿರುಗಿತು, ಕಣ್ಣಗುಡ್ಡೆ ಮೇಲಾದವು. ನಾವಿಬ್ಬರೂ ಅವಳನ್ನು ಮುಂದಕ್ಕೆ ಬಾಗಿಸಿ ಬೆನ್ನು ತಟ್ಟಿದೆವು. ಕೊನೆಗೆ ಅವಳ ಉಸಿರು ಬಂತು. ಆ ಮೇಲೆ ಮಾಮಾ ಅಂಗಳಕ್ಕೆ ಹೋಗಿ ಎಲ್ಲ ಎಳೆಗಳನ್ನೂ ಕಿತ್ತು ಒಲೆಗೆ ಹಾಕಿದ.

"ತೆಳು ಗಂಜಿಗೆ ನೂಲು ಹರದ್ರ ಗಂಟು ಹಾಕಬೌದು. ಈಕಿಗೆ ಹಾಕಾಕ ಬರೂದಿಲ್ಲ," ಎಂದ. ಆ ಹೊತ್ತಿನಲ್ಲಿ ಅವನ ದನಿ ಒಂದೇ ಇತ್ತು.

ಅಂದಿನಿಂದ ಎಳೆ ಹೋಗಿ ಚಮಚ ಬಂತು. ಚಮಚವನ್ನು ಓರೆ ಮಾಡಿ ಹಿಡಿದು, ಹನಿ ಬೀಳುವ ಮುನ್ನ ತಾನು ಎಷ್ಟು ಉಸಿರು ತೆಗೆದುಕೊಳ್ಳುತ್ತೇನೆ ಎಂದು ನೋಡುತ್ತಿದ್ದ. ಎರಡು ಉಸಿರು ಸಾಲದು, ನಾಲ್ಕು ಹೆಚ್ಚಾಯಿತು, ಮೂರಕ್ಕೆ ಬೀಳಬೇಕು. ಹಾಲಿನ ಕೊಬ್ಬು ಬದಲಾದರೆ ಹಿಟ್ಟು ಬದಲು, ಚಳಿ ಬಿದ್ದರೆ ಉರಿ ಬದಲು. ಇಟಲಿಯವರೇ ಬಂದು ಕಲಿಯಬೇಕಾದ ಗಂಜಿ! ಅತ್ತೆ ದಿನಕ್ಕೆ ಐದು ಚಮಚ, ಎಂಟು ಚಮಚ, ಅರ್ಧ ಬಟ್ಟಲು ನುಂಗತೊಡಗಿದಳು. ಕೆಮ್ಮು ಕಡಿಮೆಯಾಯಿತು. ಆದರೆ ಮಾಮಾ ಬೈಯದಿದ್ದರೆ ಬಾಯಿ ತೆರೆಯುತ್ತಿರಲಿಲ್ಲ. ನಾನೊಮ್ಮೆ ಅತ್ತೆಯ ದನಿ ಪ್ರಯತ್ನ ಮಾಡಿದೆ. ಅವಳು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ, ಫೇಲಾದ ಹುಡುಗಿಯರನ್ನು ನಾನೇ ಹಾಗೆ ನೋಡುತ್ತೇನೆ.

ಡಾಕ್ಟರ ಹತ್ತಿರ ಹೋಗುವ ಹಿಂದಿನ ದಿನ ಮಾಮಾ ನನ್ನನ್ನು ಅಂಗಳದ ಕಟ್ಟೆಗೆ ಕರೆದ. ಮೀಸೆ ಇಳಿಬಿದ್ದಿತ್ತು.

"ಒಂದು ಮಾತು ಖರೆ ಹೇಳು ಬೇ. ಆಕಿ ದನಿ ಹಿಂಗ ಇತ್ತಿಲ್ಲೋ?"

"ಯಾಕ ಮಾಮಾ?"

"ದಿನಾ ಮಾಡಿ ಮಾಡಿ, ಆಕಿದ ಎಷ್ಟು, ನಂದ ಎಷ್ಟು ಅನ್ನೂದ ತಿಳೀವಲ್ದು. ಮುಂಜಾನಿ ಎದ್ದು ಆಕಿ ಮದಲಿನ ದನಿ ನೆನಸಾಕ ಹೋದ್ರ, ನಂದ ದನಿ ಬರತೈತಿ. ನನಗ ಅಂಜಿಕಿ ಆಗಾಕತ್ತೈತಿ."

ನಾನು ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದೆ. ಚಿಕ್ಕವಳಿದ್ದಾಗ ನನ್ನನ್ನು ಕರೆದ ಅತ್ತೆ, ಜಡೆ ಹಾಕುತ್ತ ಗದರಿದ ಅತ್ತೆ, ನನ್ನ ಮದುವೆಯಲ್ಲಿ ಹಾಡಿದ ಅತ್ತೆ. ಎಲ್ಲ ನೆನಪಲ್ಲೂ ಅತ್ತೆ ಬಾಯಿ ತೆರೆದರೆ ಮಾಮಾನ ಮೀಸೆಯ ಕೆಳಗಿನ ದನಿಯೇ ಬರುತ್ತಿತ್ತು! ಒಬ್ಬ ಹೆಂಗಸಿನ ದನಿ ನಮ್ಮಿಬ್ಬರ ತಲೆಯಿಂದಲೂ ಅಳಿಸಿಹೋಗಿತ್ತು, ಅದೂ ಅವಳು ಒಳಗೆ ಜೀವಂತ ಮಲಗಿರುವಾಗ.

"ಹಿಂಗ ಇತ್ತು ಮಾಮಾ. ತೇಟ ಹಿಂಗ," ಎಂದೆ. ಸುಳ್ಳು ಹೇಳಿದೆ.

ಮರುದಿನ ಮಾಮಾ ಚಾಕಲೇಟನ್ನು ಥರ್ಮಾಸಿನಲ್ಲಿ ತುಂಬಿಕೊಂಡು, ಅತ್ತೆಯನ್ನು ಬಾಡಿಗೆ ಕಾರಿನಲ್ಲಿ ಕೂಡಿಸಿಕೊಂಡು ಜಮಖಂಡಿಗೆ ಬಂದ. ನಾನು ರಜೆ ಹಾಕಿ ಆಸ್ಪತ್ರೆಯ ಬಾಗಿಲಲ್ಲೇ ಕಾದಿದ್ದೆ. ಸರದಿ ಬರಲು ಎರಡು ತಾಸು ಹಿಡಿಯಿತು. ಥರ್ಮಾಸು ತೆರೆದರೆ, ಅಯ್ಯೋ, ಮುಚ್ಚಳ ಸಡಿಲಾಗಿ ಒಳಗಿನದು ತಣಿದು ಗಡ್ಡೆಯಾಗಿತ್ತು! ಚಮಚ ಚುಚ್ಚಿದರೆ ನೆಟ್ಟಗೆ ನಿಂತಿತು. ಮಾಮಾ ಥರ್ಮಾಸು ಎತ್ತಿಕೊಂಡು ಎದುರಿನ ಚಹಾದಂಗಡಿಗೆ ಓಡಿದ, ನಾನು ಹಿಂದೆ. ಚಹಾದವನು ತನ್ನ ಸ್ಟೋವಿನ ಮೇಲೆ ಇದನ್ನು ಕರಗಿಸುತ್ತಿರುವ ಮುದುಕನನ್ನೂ, ಆ ಮುದುಕ ಚಮಚ ಓರೆ ಮಾಡಿ ಉಸಿರೆಣಿಸುವುದನ್ನೂ ನೋಡಿ, "ಎಲ್ಲೆರೀ ಡಾಂಬರ ರಸ್ತಾ ಮಾಡಾಕತ್ತೀರಿ?" ಎಂದು ಕೇಳಿದ.

ಡಾಕ್ಟರ ಕೋಣೆಯಲ್ಲಿ ಅತ್ತೆಯನ್ನು ಗಾಲಿಕುರ್ಚಿಯಲ್ಲಿ ಕೂಡಿಸಿದರು. ನರ್ಸಮ್ಮ ಪಕ್ಕದಲ್ಲಿ ಸಿದ್ಧವಾಗಿ ನಿಂತಿದ್ದಳು, ಕೈಯಲ್ಲಿ ನಳಿಗೆಯ ಪ್ಯಾಕೇಟು. ಮಾಮಾ ಚಮಚ ಹಿಡಿದ. ಅತ್ತೆ ತುಟಿ ಬಿಗಿದಳು.

"ಹೂಂ, ಕೊಡ್ರಿ," ಎಂದರು ಡಾಕ್ಟರು.

ಮಾಮಾ ಬೆವರಿದ. ಬಾಗಿಲಲ್ಲಿ ಹತ್ತು ಮಂದಿ ಇಣುಕುತ್ತಿದ್ದರು. "ಇಷ್ಟು ಮಂದ್ಯಾಗ ಹ್ಯಾಂಗ ಬೇ..." ಎಂದು ನನ್ನ ಕಿವಿಯಲ್ಲಿ ಅಂದ. ಡಾಕ್ಟರು ಗಡಿಯಾರ ನೋಡಿದರು. ನರ್ಸಮ್ಮ ಪ್ಯಾಕೇಟಿನ ಅಂಚು ಹರಿದಳು. ಆ ಹರಿದ ಸಪ್ಪಳ ಕೇಳಿದ್ದೇ ಅತ್ತೆಯ ಎಡಗೈ ಗಾಲಿಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿಯಿತು. ಮಾಮಾ ಆ ಕೈಯನ್ನು ನೋಡಿದ. ಆಮೇಲೆ ನಾಚಿಕೆ ಬಿಟ್ಟ.

"ಏನ್ರೀ, ಡಾಕ್ಟರ ಮುಂದ ನಿಂತು ಗದಗದ ನಡಗತೀರಲ್ರೀ! ಗಂಡಸರ ಅಲ್ಲೇನು ನೀವು? ಚಮಚಾ ನೆಟ್ಟಗ ಹಿಡೀರಿ!"

ನರ್ಸಮ್ಮನ ಕೈಯಿಂದ ಪ್ಯಾಕೇಟು ಕೆಳಗೆ ಬಿತ್ತು. ಬಾಗಿಲಲ್ಲಿ ಇಣುಕುತ್ತಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ಡಾಕ್ಟರು ಕನ್ನಡಕ ತೆಗೆದು, ಮೀಸೆಯನ್ನೂ ಗಾಲಿಕುರ್ಚಿಯನ್ನೂ ಸರದಿಯಂತೆ ನೋಡಿದರು. ಅತ್ತೆ ಬಾಯಿ ತೆರೆದಳು. ಡಾಕ್ಟರು ಅವಳ ಗಂಟಲ ಮೇಲೆ ಎರಡು ಬೆರಳಿಟ್ಟರು. ಒಂದು ಚಮಚ ಇಳಿಯಿತು. ಎರಡು. ಮೂರು. ನಾನು ಎಣಿಸುತ್ತ ಸೀರೆಯ ಅಂಚು ಹಿಂಡುತ್ತಿದ್ದೆ. ಏಳನೆಯದೂ ಇಳಿಯಿತು, ಕೆಮ್ಮಿಲ್ಲ!

"ಆತು ಬಿಡ್ರಿ," ಎಂದರು ಡಾಕ್ಟರು. "ನಳಿಗಿ ಬ್ಯಾಡ. ಇದನ್ನ ನಡಸ್ರಿ."

ಮಾಮಾ ಚಮಚ ಹಿಡಿದುಕೊಂಡೇ ನಿಂತಿದ್ದ. ಆಗ ಅತ್ತೆಯ ಎಡಗೈ ಮೇಲೆದ್ದಿತು. ಚಮಚ ಹಿಡಿದ ಅವನ ಮಣಿಕಟ್ಟನ್ನು ಹಿಡಿದು, ಮೆಲ್ಲಗೆ, ಅವನ ಬಾಯಿಯ ಕಡೆಗೇ ನೂಕಿತು.

"ನೀವೂ... ಕುಡೀರಿ."

ದಪ್ಪ ದನಿ. ಒಣಗಿದ ದನಿ. ಮಾಮಾ ಮಾಡುತ್ತಿದ್ದ ದನಿಗೂ ಅದಕ್ಕೂ ಏನೇನೂ ಸಂಬಂಧವಿರಲಿಲ್ಲ.

ಡಾಕ್ಟರು ನಕ್ಕುಬಿಟ್ಟರು. "ಸಾಕ್ರಿ ಯಜಮಾನ್ರ, ನಳಿಗಿ ಬ್ಯಾಡಂತ ಹೇಳೇನಲ್ಲ! ಇನ್ನ ನಾಟಕ ಬಂದ್ ಮಾಡ್ರಿ."

"ನಾ ಅಲ್ರೀ," ಎಂದ ಮಾಮಾ. "ನಾ ಅಲ್ರೀ, ಡಾಕ್ಟರ. ನಾ ಮಾತಾಡಲಿಲ್ರೀ." ನನ್ನ ಕಡೆ ತಿರುಗಿದ. "ನೀ ನೋಡಿದಿಲ್ಲೋ ಬೇ? ನನ್ನ ಬಾಯಿ ಮುಚ್ಚಿತ್ತಿಲ್ಲೋ?"

"ಮುಚ್ಚಿತ್ತು ಮಾಮಾ."

"ಇದು ಆಕಿ ಅಲ್ಲ ಬೇ," ಎಂದು ಪಿಸುಗುಟ್ಟಿದ. ಇಡೀ ಓಣಿಯನ್ನೇ ಹೆದರಿಸಿದ್ದ ಮನುಷ್ಯ ಈಗ ತಾನೇ ಹೆದರಿದ್ದ. "ನಲವತ್ತು ವರ್ಷದಾಗ ಆಕಿ ಒಮ್ಮೆರ ನನಗ ಹಿಂಗ ಅಂದಾಳೇನು? ನಾ ಉಂಡೇನೋ ಇಲ್ಲೋ ಅಂತ ಬೈದು ಕೇಳತಿದ್ಲು. ಹಿಂಗ ಅಂದಾಕಿ ಅಲ್ಲ."

ಅತ್ತೆ ಮಣಿಕಟ್ಟು ಬಿಟ್ಟಿರಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತ್ತು, ನನ್ನದರಲ್ಲೂ. ನಾಲ್ಕು ತಿಂಗಳು ಒಳಗೇ ಇಟ್ಟುಕೊಂಡಿದ್ದ ಮಾತು ಅವಳಿಗೆ ಇದೊಂದೇ ಆಗಿತ್ತು ಎಂದು ತಿಳಿದಾಗ ನಾನು ಗೋಡೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ಮಾಮಾ ಆ ಚಮಚವನ್ನು ಬಾಯಿಗೆ ಇಟ್ಟುಕೊಂಡ, ನುಂಗಿದ. ಮತ್ತೆ ಗಾಲಿಕುರ್ಚಿಯ ಮುಂದೆ ನೆಲದ ಮೇಲೆ ಕುಳಿತು, ಅತ್ತೆಯ ಮೊಣಕಾಲ ಮೇಲೆ ಕೈಯಿಟ್ಟು, ತನ್ನದೇ ದನಿಯಲ್ಲಿ ಕೇಳಿಕೊಂಡ.

"ಇನ್ನೊಮ್ಮೆ ಅನ್ನು. ಸಾವಕಾಶ ಅನ್ನು. ನಾ ಸುಮ್ಮ ಇರತೀನಿ."